ಗಡ್ಡಪ್ಪ ಊಟ ಬಿಟ್ಟ

ಗಡ್ಡಪ್ಪ ಊಟ ಬಿಟ್ಟಿದ್ದು ಜನವರಿ ಮೊದಲ ವಾರದಲ್ಲಿ. ಆಚೆ ಮೈನಸ್ 20 ಡಿಗ್ರಿ. ಮಿನಿಯಾಪೊಲಿಸ್‌ನ ಆ ಚಳಿಯಲ್ಲಿ ಮನುಷ್ಯರಿಗೇ ಏನೂ ಬೇಡ ಅನ್ನಿಸುತ್ತೆ, ಇನ್ನು ಆಸ್ಟ್ರೇಲಿಯಾದ ಒಣಭೂಮಿಯ ಪ್ರಾಣಿಯ ಪಾಡು ಕೇಳಬೇಕಾ ಅಂದುಕೊಂಡು ಮೊದಲ ನಾಲ್ಕು ದಿನ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಗಡ್ಡಪ್ಪ ಅಂದರೆ ನಮ್ಮನೆಯ ಬಿಯರ್ಡೆಡ್ ಡ್ರ್ಯಾಗನ್. ಹೆಸರು ದೊಡ್ಡದು, ಆಸಾಮಿ ಮೂಗಿನಿಂದ ಬಾಲದ ತುದಿವರೆಗೆ ಒಂದೂವರೆ ಅಡಿ. ನಮ್ಮೂರ ಬೇಲಿ ಮೇಲೆ ಕೂತು ತಲೆ ಆಡಿಸುತ್ತಲ್ಲ ಓತಿಕ್ಯಾತ, ಅದರ ಕುಟುಂಬದವನೇ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಬರುವ ಹಾರುವ ಓತಿಯೂ ಇದೇ ಬಳಗ. ಸಿಟ್ಟು ಬಂದರೆ ಗದ್ದದ ಕೆಳಗಿನ ಮುಳ್ಳುಮುಳ್ಳು ಚರ್ಮ ಉಬ್ಬಿಸಿ ಕಪ್ಪಗೆ ಮಾಡಿಕೊಳ್ತಾನೆ, ಅದೇ ಗಡ್ಡ. 'ತಿಥಿ' ಸಿನಿಮಾ ನೋಡಿದವರಿಗೆ ಹೆಸರು ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ. ನಮ್ಮ ಟೀಮ್‌ನ ಗೆಳೆಯನೊಬ್ಬ ಬೇರೆ ರಾಜ್ಯಕ್ಕೆ ಹೊರಟಾಗ ಗಾಜಿನ ಪೆಟ್ಟಿಗೆ, ದೀಪಗಳ ಸಮೇತ ಇವನನ್ನು ನಮಗೆ ಒಪ್ಪಿಸಿ ಹೋದ. ಚಿಕ್ಕವನಿದ್ದಾಗ ತಿಪಟೂರಿನಲ್ಲಿ ಓತಿಕ್ಯಾತಕ್ಕೆ ಕಲ್ಲು ಹೊಡೀತಿದ್ದವನು ನಾನು. ಎಷ್ಟು ಅಂತ ಲೆಕ್ಕ ಇಟ್ಟಿಲ್ಲ.

ನಮ್ಮದು ಸಸ್ಯಾಹಾರಿ ಮನೆ. ಫ್ರಿಜ್‌ನಲ್ಲಿ ಮೊಟ್ಟೆ ಕೂಡ ಇರಲ್ಲ. ಆದರೆ ಕ್ಲೋಸೆಟ್‌ನಲ್ಲಿ ಇವನಿಗೋಸ್ಕರ ಒಂದು ಡಬ್ಬಿ ತುಂಬಾ ಡೂಬಿಯಾ ಜಿರಲೆ! ಹೆಂಡತಿ ಆ ಕಡೆ ತಲೆ ಹಾಕಲ್ಲ. ಕುಂಬಳಕಾಯಿ ತುರಿದುಕೊಡೋದಷ್ಟೇ ಅವಳ ಇಲಾಖೆ.

ಐದನೇ ದಿನ ಜಿರಲೆ ಮುಂದೆ ಬಿಟ್ಟರೆ ನೋಡಿದ, ಕಣ್ಣು ಮುಚ್ಚಿದ. ಸೊಪ್ಪು ಬಾಡಿತು. ಚಳಿಗಾಲದಲ್ಲಿ ಬೆಳೆದ ಬಿಯರ್ಡೆಡ್ ಡ್ರ್ಯಾಗನ್‌ಗಳು ವಾರಗಟ್ಟಲೆ ಮಂಕಾಗಿ ಮಲಗೋದುಂಟು, ಇದಕ್ಕೆ ಬ್ರುಮೇಶನ್ ಅಂತಾರೆ. ಅದೇ ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ಬಿಸಿಲಾದರೂ ಬೀಳಲಿ ಅಂತ ಮಧ್ಯಾಹ್ನ ಎತ್ತಿಕೊಂಡು ಹೋಗಿ ಕಿಟಕಿ ಹತ್ತಿರ ಕೂರಿಸ್ತಿದ್ದೆ. ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್, ತೊಡೆ ಮೇಲೆ ಗಡ್ಡಪ್ಪ.

ಅಮ್ಮ ಫೋನ್‌ನಲ್ಲಿ ನಕ್ಕಳು. "ಓತಿಕ್ಯಾತಕ್ಕೂ ಡಾಕ್ಟರೇನೋ? ಹಸಿವಾದ್ರೆ ತಾನೇ ತಿನ್ನುತ್ತೆ, ಬಿಡು. ಬಲವಂತವಾಗಿ ಮಾತ್ರ ತುರುಕಬೇಡ."

ಮೂರನೇ ವಾರ ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ನೋಡಿದೆ. ಡಿಸೆಂಬರ್‌ನಲ್ಲಿ 412 ಗ್ರಾಂ ಇದ್ದವನು 371. ನನ್ನ ಎದೆ ಧಸಕ್ ಅಂತು. ಬ್ರುಮೇಶನ್‌ನಲ್ಲಿ ತೂಕ ಹೀಗೆ ಇಳಿಯಬಾರದು. ಎತ್ತಿದಾಗ ಮುಂಗಾಲಿನ ಬೆರಳುಗಳು ಸಣ್ಣಗೆ ನಡುಗ್ತಿದ್ವು. ಅದು ಎಷ್ಟು ದಿನದಿಂದ ಇತ್ತೋ, ನಾನು ನೋಡಿರಲಿಲ್ಲ.

ಹತ್ತಿರದ ಎರಡು ಆಸ್ಪತ್ರೆಗಳಲ್ಲಿ ನಾಯಿ ಬೆಕ್ಕು ಮಾತ್ರ ಅಂದರು. ಸರೀಸೃಪ ನೋಡುವ ಡಾಕ್ಟರು ಸಿಕ್ಕಿದ್ದು ಮುಕ್ಕಾಲು ಗಂಟೆ ದೂರದಲ್ಲಿ. ಥರ್ಮೋಕೋಲ್ ಡಬ್ಬಿ, ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ, ಮಧ್ಯೆ ಗಡ್ಡಪ್ಪ. ಡ್ರೈವ್ ಮಾಡಿದ್ದು ಹೆಂಡತಿ.

ಆ ಡಾಕ್ಟರಮ್ಮ ಇವನನ್ನು ಮುಟ್ಟೋ ಮೊದಲೇ ಕೇಳಿದ್ದು, "ಯುವಿಬಿ ಬಲ್ಬ್ ಬದಲಾಯಿಸಿ ಎಷ್ಟು ದಿನ ಆಯ್ತು?"

"ಚೆನ್ನಾಗೇ ಉರೀತಿದೆಯಲ್ಲ" ಅಂದೆ.

ಉರೀತಿತ್ತು, ನಿಜ. ಪೆಟ್ಟಿಗೆಯ ಜತೆ ಬಂದ ಬಲ್ಬ್, ಒಂದೂವರೆ ವರ್ಷ ಹಳೆಯದು. ನಮ್ಮ ಕಣ್ಣಿಗೆ ಕಾಣೋ ಬೆಳಕು ಹಾಗೇ ಇರುತ್ತೆ, ಕಾಣದ ಯುವಿಬಿ ಕಿರಣ ತಿಂಗಳು ತಿಂಗಳು ಕಮ್ಮಿಯಾಗ್ತಾ ಹೋಗುತ್ತೆ. ಬಲ್ಬಿನ ಜಾತಿ ನೋಡಿಕೊಂಡು ಆರರಿಂದ ಹನ್ನೆರಡು ತಿಂಗಳಿಗೆ ಬದಲಾಯಿಸಬೇಕು. ಆ ಕಿರಣ ಚರ್ಮಕ್ಕೆ ಬಿದ್ದರೆ ತಾನೇ ವಿಟಮಿನ್ ಡಿ3? ಅದಿಲ್ಲದಿದ್ದರೆ ನಾನು ಜಿರಲೆಗೆ ಉದುರಿಸಿ ಕೊಟ್ಟ ಕ್ಯಾಲ್ಸಿಯಂ ಪುಡಿ ಮೈಗೆ ಹತ್ತಲ್ಲ, ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತೆ. ಆಫೀಸಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಕಸ್ಟಮರ್‌ಗೆ ಮಾತ್ರ ಪೇಜ್ ತೆರೀತಿಲ್ಲ ಅನ್ನೋ ರಾತ್ರಿಗಳನ್ನು ಎಷ್ಟು ಕಂಡಿದ್ದೀನಿ! ಮನೆಯಲ್ಲಿ ಅದೇ ನಡೀತಿದ್ದರೂ ಹೊಳೀಲಿಲ್ಲ.

ಕಿಟಕಿ ಬಿಸಿಲಿನ ಮಾತೆತ್ತಿದೆ. ಮಾಮೂಲಿ ಗಾಜು ಯುವಿಬಿಯನ್ನು ಬಹುಪಾಲು ತಡೆದುಬಿಡುತ್ತಂತೆ. ಎರಡು ವಾರ ನಾನು ಅವನನ್ನು ಬರೀ ಬೆಳಕಿನಲ್ಲಿ ಕೂರಿಸಿದ್ದೆ.

ಎಕ್ಸ್‌ರೇಯಲ್ಲಿ ಕಾಲಿನ ಮೂಳೆ ಇರಬೇಕಾದಷ್ಟು ಬೆಳ್ಳಗೆ ಕಾಣಲಿಲ್ಲ. ಕೆಳದವಡೆ ಮುಟ್ಟಿ ನೋಡಿ ಅಂದರು. ಒತ್ತಿದರೆ ಮೆತ್ತಗೆ ಬಾಗುತ್ತೆ. ನೋವಿಗೆ ಅಗಿಯೋಕಾಗದೆ ತಿನ್ನೋದು ಬಿಟ್ಟವನನ್ನು ನಾನು ನಿದ್ದೆ ಮಾಡ್ತಿದ್ದಾನೆ ಅಂದುಕೊಂಡಿದ್ದೆ. ಬಾಯಿ ಬಲವಂತವಾಗಿ ತೆರೆದಿದ್ದರೆ ದವಡೆ ಮುರಿಯೋ ಸಾಧ್ಯತೆ ಇತ್ತಂತೆ. ಅಮ್ಮ ಹೇಳಿದ್ದು ಒಂದಾದರೂ ಕೇಳಿದ್ದೆನಲ್ಲ. ಮಲ ಪರೀಕ್ಷೆಯೂ ಸೇರಿ ಬಿಲ್ 430 ಡಾಲರ್. ಅಮ್ಮನಿಗೆ ಇದನ್ನು ಹೇಳಿಲ್ಲ, ಈ ಅಂಕಣ ಓದಿದರೆ ಗೊತ್ತಾಗುತ್ತೆ.

ಮನೆಗೆ ಬಂದು ಮೊದಲು ಹೊಸ ಟ್ಯೂಬ್ ಹಾಕಿದ್ದಾಯ್ತು. ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅವನು ಮೈ ಕಾಯಿಸೋ ಕಲ್ಲಿನ ಬಿಸಿ ಅಳೆದೆ. 31 ಡಿಗ್ರಿ! 40ರ ಆಸುಪಾಸು ಇರಬೇಕಾದ ಜಾಗ. ಗಾಜಿಗೆ ಅಂಟಿಸಿದ್ದ ಅಗ್ಗದ ಮೀಟರ್ ನಂಬಿ ಕೂತಿದ್ದೆ. ಇವು ತಣ್ಣನೆ ರಕ್ತದ ಪ್ರಾಣಿಗಳು, ಮೈ ಬಿಸಿಯಾಗದೆ ಹೊಟ್ಟೆ ಕೆಲಸ ಮಾಡಲ್ಲ, ತಿಂದದ್ದು ಒಳಗೇ ಕೊಳೆಯುತ್ತೆ. ಹಾಗಾಗಿ ಮೊದಲು ಬಿಸಿ, ಆಮೇಲೆ ನೀರು, ಊಟ ಕೊನೆಗೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥದ್ದೊಂದು ಇದ್ದು ಊಟ ಬಿಟ್ಟಿದ್ದರೆ, ಇವತ್ತೇ ತೂಕ ನೋಡಿ. ಬಲ್ಬ್ ಹಾಕಿದ ತಾರೀಖನ್ನು ಅದರ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ.

ದಿನಾ ಎರಡು ಸಲ ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಕ್ಯಾಲ್ಸಿಯಂ ದ್ರವ. ಮೂತಿಯ ತುದಿಗೆ ಒಂದು ಹನಿ ಇಟ್ಟರೆ ನಾಲಿಗೆ ಚಾಚಿ ನೆಕ್ಕೋನು. ಒಂದು ಎಂ.ಎಲ್. ಮುಗಿಯೋಕೆ ಇಪ್ಪತ್ತು ನಿಮಿಷ. ಒಂಬತ್ತನೇ ದಿನ 364 ಆದಾಗ ನಾವಿಬ್ಬರೂ ಮಾತಾಡಲಿಲ್ಲ.

ಹದಿಮೂರನೇ ದಿನ ನಾನು ಕಾಲ್‌ನಲ್ಲಿದ್ದೆ. ಹಾರ್ನ್‌ವರ್ಮ್ ಅನ್ನೋ ಹಸಿರು ಹುಳ ತಂದಿಟ್ಟಿದ್ದೆ. ಮೆತ್ತಗಿರುತ್ತೆ, ಮೈತುಂಬಾ ನೀರು. ಆ ಕಡೆಯಿಂದ ಹೆಂಡತಿ ಕೂಗಿದಳು, "ರೀ, ಬನ್ನಿ ಬೇಗ!" ಹೋಗಿ ನೋಡಿದರೆ ಬರಿಗೈಯಲ್ಲಿ ಹುಳ ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತಿದ್ದಾಳೆ. ಅವನು ಅರ್ಧ ಹುಳ ಬಾಯಲ್ಲಿಟ್ಟುಕೊಂಡು ನಿಧಾನಕ್ಕೆ ಅಗೀತಿದ್ದ.

ದವಡೆ ಸ್ವಲ್ಪ ಸೊಟ್ಟಗೇ ಉಳಿಯುತ್ತೆ ಅಂದಿದ್ದಾರೆ ಡಾಕ್ಟರಮ್ಮ. ಬೆರಳಿನ ನಡುಕ ನಿಂತಿದೆ. ಮೊನ್ನೆ ಅಮ್ಮ ಫೋನ್ ಎತ್ತಿದವಳೇ "ಗಡ್ಡಪ್ಪಂದು ಊಟ ಆಯ್ತಾ?" ಅಂದಳು. ನನ್ನದು ಕೇಳಿದ್ದು ಆಮೇಲೆ. ಇವತ್ತು ಬೆಳಿಗ್ಗೆ 379 ಗ್ರಾಂ.