ಆಸ್ಪತ್ರೆ ಬಿಟ್ಟು ಬರುವಾಗ ಒಂದು ಫೋನ್ ನಂಬರ್ ಕೇಳಿ ಬನ್ನಿ

ಇವತ್ತು ರಾಗಿ, ತೆಂಗಿನ ವಿಷಯ ಅಲ್ಲ.

ನಮ್ಮ ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್ ಇತ್ತು. "ಇನ್ನು ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂತ ಆಸ್ಪತ್ರೆಯವರು ಕಳಿಸಿಬಿಟ್ಟರು. ಕಾಯಿಲೆ ವಾಸಿ ಆಗಲ್ಲ ಅನ್ನೋದು ನಿಜ. ಮಾಡೋದೇನಿಲ್ಲ ಅನ್ನೋದು ಸುಳ್ಳು. ನೋವು ಇಳಿಸೋದು, ಗಾಯದ ವಾಸನೆ ತಡೆಯೋದು, ನಿದ್ದೆ ಬರೋ ಹಾಗೆ ನೋಡ್ಕೊಳ್ಳೋದು, ಇದೂ ವೈದ್ಯವೇ. ಪ್ಯಾಲಿಯೇಟಿವ್ ಕೇರ್ ಅಂತಾರೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಇದಕ್ಕೇ ವಿಭಾಗ ಇದೆ. ಕರುಣಾಶ್ರಯದವರು ಕ್ಯಾನ್ಸರ್ ರೋಗಿಗಳಿಗೆ ದುಡ್ಡು ತಗೊಳ್ಳದೆ ಮಾಡ್ತಾರೆ.

ನಮಗೆ ಇದು ಗೊತ್ತಾಗೋ ಹೊತ್ತಿಗೆ ದೊಡ್ಡಪ್ಪ ಮೂರು ವಾರ ನರಳಿದ್ದರು. ಕಾರು ಮಾಡ್ಕೊಂಡು ಒಂದು ಸಲ ತೋರಿಸಿದೆವು, ಮಾರ್ಫಿನ್ ಮಾತ್ರೆ ಕೊಟ್ಟರು. ಆಮೇಲೆ ಹೆಚ್ಚಿನದೆಲ್ಲ ಫೋನಿನಲ್ಲೇ. ನೋವು ಬಂದಾಗ ಮಾತ್ರ ಮಾತ್ರೆ ಕೊಡ್ತಿದ್ದೆವು. ನರ್ಸಮ್ಮ ಫೋನಿನಲ್ಲಿ ವಿಚಾರಿಸಿ, "ನೋವಿಗೆ ಕಾಯಬೇಡಿ, ಬರೆದುಕೊಟ್ಟ ಹಾಗೆ ನಾಲ್ಕು ಗಂಟೆಗೊಂದು ಸಲ ಗಡಿಯಾರ ನೋಡಿ ಕೊಡಿ, ಮಲಬದ್ಧತೆಯ ಔಷಧಿ ದಿನಾ ತಪ್ಪಿಸಬೇಡಿ" ಅಂದರು. ಅವತ್ತು ರಾತ್ರಿ ದೊಡ್ಡಪ್ಪ ನಿದ್ದೆ ಮಾಡಿದರು. ಕೊನೇ ಎರಡು ತಿಂಗಳು ಜಗಲಿ ಮೇಲೆ ಕೂತು ಕಾಯಿ ಕೆಡವೋದು ನೋಡ್ತಿದ್ದರು.

ಫೋನಿನಲ್ಲಿ ಎಂಥ ವೈದ್ಯ ಅಂತ ಕೆಲವರು ಕೇಳ್ತಾರೆ. ಅರ್ಧ ಸರಿ. ಮೊದಲು ಒಂದು ಸಲ ಡಾಕ್ಟರು ಕಣ್ಣಾರೆ ನೋಡಲೇಬೇಕು. 2020ರ ಟೆಲಿಮೆಡಿಸಿನ್ ನಿಯಮದಲ್ಲೂ ಮಾರ್ಫಿನ್‌ನಂಥ ಔಷಧಿಯನ್ನ ಫೋನಿನಲ್ಲಿ ಬರೆಯೋ ಹಾಗಿಲ್ಲ ಅಂತಿದೆ. ಮಾತ್ರೆ ಚೀಟಿಗೆ ಮನೆಯವರು ಯಾರಾದರೂ ಹೋಗಲೇಬೇಕು. ಆದರೆ ಪ್ರತಿ ಸಂದೇಹಕ್ಕೂ ಸಾಯೋ ಜೀವಾನ ಕಾರಿನಲ್ಲಿ ಕುಲುಕಿಸ್ಕೊಂಡು ಹೋಗೋದು ಯಾವ ನ್ಯಾಯ?

ಹಸು ಮೇವು ಬಿಟ್ಟರೆ ಜ್ವರ ಎಷ್ಟು, ಸಗಣಿ ಹೇಗಿದೆ, ಮೆಲುಕು ಹಾಕ್ತಿದೆಯಾ ಅಂತ ಪಶು ಡಾಕ್ಟರಿಗೆ ಪಟಪಟ ಹೇಳ್ತೀವಿ. ಮನೆಯವರ ವಿಷಯ ಬಂದರೆ "ತುಂಬಾ ನರಳ್ತಿದ್ದಾರೆ ಸಾರ್" ಅಂತ ನಿಲ್ಲಿಸ್ತೀವಿ. ಒಂದು ನೋಟ್‌ಬುಕ್ ಇಡಿ. ನೋವು ಹತ್ತರಲ್ಲಿ ಎಷ್ಟು, ಮಾತ್ರೆ ಕೊಟ್ಟಿದ್ದು ಎಷ್ಟು ಗಂಟೆಗೆ, ಹೊರಕಡೆಗೆ ಹೋಗಿ ಎಷ್ಟು ದಿನ ಆಯ್ತು, ಬೆನ್ನಲ್ಲಿ ಹುಣ್ಣು ಇದೆಯಾ, ಬರೆದಿಟ್ಟು ಫೋನ್ ಮಾಡಿ. ಮಾತಾಡೋಕೆ ಆಗೋದಾದರೆ ರೋಗಿ ಕೈಗೂ ಫೋನ್ ಕೊಡಿ.

ಮನೆಗೆ ಕಳಿಸೋ ಆಸ್ಪತ್ರೆ ಡಿಸ್ಚಾರ್ಜ್ ಚೀಟಿ ಜೊತೆ ಒಂದು ನಂಬರ್ ಬರೆದುಕೊಡಲೇಬೇಕು ಅನ್ನೋದು ನನ್ನ ಮಾತು. ಅವರಾಗಿ ಕೊಡದಿದ್ದರೆ ಬಾಗಿಲಲ್ಲೇ ನಿಂತು ಕೇಳಿ. ನಾವು ಕೇಳಲಿಲ್ಲ. ಆ ಮೂರು ವಾರ ದೊಡ್ಡಪ್ಪ ಸುಮ್ಮನೆ ನರಳಿದರು.