ಬಯಲಿನಲ್ಲಿ ಬಿಸಿನೀರಿನ ಸ್ನಾನ: ಮೊದಲು ನೀರು, ಆಮೇಲೆ ಗಾಳಿ, ಕೊನೆಗೆ ಬೆಂಕಿ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಂದು ಹವ್ಯಾಸ ಬಲವಾಗಿ ಹತ್ತಿಕೊಂಡಿದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಎತ್ತರದ ವಾಹನದಲ್ಲಿ ಡೇರೆ, ಒಲೆ, ನೀರಿನ ಕ್ಯಾನುಗಳನ್ನು ಹೇರಿಕೊಂಡು, ಡಾಂಬರು ಕಾಣದ ದಾರಿಗಳಲ್ಲಿ ಸಾಗಿ, ಬಯಲಿನಲ್ಲಿಯೇ ಎರಡು ಮೂರು ರಾತ್ರಿ ತಂಗಿ ಬರುವುದು ಆ ಹವ್ಯಾಸ. ಹಾಗೆ ಹೋಗುವಾಗ ಬಿಸಿನೀರಿನ ಷವರ್ ಒಂದನ್ನು ಜೊತೆಗೆ ಒಯ್ಯಬೇಕೇ, ಒಯ್ಯುವುದಾದರೆ ಯಾವ ಬಗೆಯದು ಎಂದು ಒಂದಿಬ್ಬರು ನನ್ನನ್ನೂ ಕೇಳಿದ್ದಾರೆ. ಅಂತಹ ದಾರಿಯಲ್ಲಿ ವಾಹನ ಓಡಿಸಿದವನು ನಾನಲ್ಲ. ಆದರೆ ಉಷ್ಣದ ಪಾಠವನ್ನು ವರ್ಷಗಟ್ಟಲೆ ಮಾಡಿದವನು. ಈ ಪ್ರಶ್ನೆಯ ಮುಕ್ಕಾಲು ಪಾಲು ಆ ಪಾಠದಲ್ಲಿಯೇ ಅಡಗಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ನಾನದ ವ್ಯವಸ್ಥೆ ಅವಶ್ಯವಾಗಿ ಇರಲಿ. ಆದರೆ ಅಂಗಡಿಯವರು ಶಾಖದ ಮಾತನ್ನೇ ಮುಂದಿಡುತ್ತಾರೆ: ಎಷ್ಟು ಬೇಗ ಕಾಯುತ್ತದೆ, ಎಷ್ಟು ಬಿಸಿಯಾಗುತ್ತದೆ. ಬಳಸುವವರು ಯೋಚಿಸಬೇಕಾದ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ನೀರು, ಆಮೇಲೆ ಗಾಳಿ, ಕೊನೆಗೆ ಬೆಂಕಿ. ಈ ಕ್ರಮ ತಪ್ಪಿದರೆ ಹಣ ವ್ಯರ್ಥವಾಗುವುದು ಸಣ್ಣ ನಷ್ಟ. ಪ್ರಾಣಕ್ಕೇ ಎರವಾಗುವ ಸಂಭವವೂ ಇದೆ.

"ಎರಡು ದಿನ ಮೀಯದಿದ್ದರೆ ಏನಾಗುತ್ತದೆ?" ಎನ್ನುವವರೂ ಇದ್ದಾರೆ. ಮೂವತ್ತರ ಹರೆಯದ ಗಂಡಸರಿಗೆ ಏನೂ ಆಗದಿರಬಹುದು. ಆದರೆ ನಮ್ಮ ಕಡೆಯಿಂದ ಮಗನ ಮನೆಗೋ ಮಗಳ ಮನೆಗೋ ಹೋಗಿರುವ ತಾಯಿ ತಂದೆಯರನ್ನು ನೆನೆಯಿರಿ. ಸ್ನಾನವಾಗದೆ ಒಲೆ ಮುಟ್ಟದ ತಾಯಂದಿರು ಇಂದಿಗೂ ಇದ್ದಾರೆ; ತಣ್ಣೀರು ಮೈಮೇಲೆ ಬಿದ್ದರೆ ಕೀಲು ಹಿಡಿದುಕೊಳ್ಳುವ ವಯಸ್ಸು ಅವರದು. ದಿನವಿಡೀ ಕೆಂಪು ಧೂಳು ಕುಡಿದ ಮಕ್ಕಳಿಗೂ ಮಲಗುವ ಮುನ್ನ ಮೈ ತೊಳೆದರೆ ನಿದ್ರೆ ಬರುತ್ತದೆ. ಸ್ನಾನದ ಏರ್ಪಾಡಿಲ್ಲವೆಂಬ ಒಂದೇ ಕಾರಣಕ್ಕೆ ಹಿರಿಯರೂ ಹೆಂಗಸರೂ ಇಂತಹ ಪ್ರವಾಸದಿಂದ ಹೊರಗುಳಿಯುವುದಾದರೆ ಅದು ನ್ಯಾಯವಲ್ಲ. ಆದುದರಿಂದ ಇದನ್ನು ಶೋಕಿಯೆಂದು ತಳ್ಳಿಹಾಕುವವರ ಪಕ್ಷ ನನ್ನದಲ್ಲ.

ಈಗ ನೀರಿನ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಯೂಟಾ ರಾಜ್ಯದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವನ್ನು ತೆಗೆದುಕೊಳ್ಳುತ್ತೇನೆ. 1964ರಲ್ಲಿ ಸ್ಥಾಪನೆಯಾದ ಈ ಉದ್ಯಾನದಲ್ಲಿ ವೈಟ್ ರಿಮ್ ಎಂಬ ಕಚ್ಚಾ ರಸ್ತೆಯಿದೆ. 1950ರ ದಶಕದಲ್ಲಿ ಯುರೇನಿಯಂ ಅದಿರಿನ ಅನ್ವೇಷಣೆಗಾಗಿ ಮಾಡಿದ ದಾರಿಯದು. ಒಂದು ಸುತ್ತಿಗೆ ಸುಮಾರು 100 ಮೈಲಿ, ಅಂದರೆ 160 ಕಿಲೋಮೀಟರ್. ವಾಹನದಲ್ಲಿ ಹೋಗುವವರು ಸಾಮಾನ್ಯವಾಗಿ ಎರಡು ಮೂರು ದಿನ ತೆಗೆದುಕೊಳ್ಳುತ್ತಾರೆ. ಮೊದಲೇ ಪರವಾನಗಿ ಪಡೆದು, ಗೊತ್ತುಪಡಿಸಿದ ತಾಣಗಳಲ್ಲಿಯೇ ತಂಗಬೇಕು. ದಾರಿಯುದ್ದಕ್ಕೂ ಎಲ್ಲಿಯೂ ಕುಡಿಯುವ ನೀರಿಲ್ಲ. ಬೇಕಾದ ಪ್ರತಿಯೊಂದು ಹನಿಯನ್ನೂ ವಾಹನದಲ್ಲಿಯೇ ಒಯ್ಯಬೇಕು.

ಕುಡಿಯಲು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೆ ಕಡಿಮೆಯಾಗಬಾರದು. ನಾಲ್ಕು ಜನ, ಮೂರು ದಿನ ಎಂದರೆ 48 ಲೀಟರ್. ಇದು ಮುಟ್ಟಬಾರದ ಗಂಟು. ಇನ್ನು ಸ್ನಾನ. ಅಮೆರಿಕದ 1992ರ ಇಂಧನ ಕಾನೂನು ಮನೆಯ ಷವರಿಗೆ ಹಾಕಿದ ಗರಿಷ್ಠ ಮಿತಿ ನಿಮಿಷಕ್ಕೆ 2.5 ಗ್ಯಾಲನ್, ಸುಮಾರು 9.5 ಲೀಟರ್. ಆ ಲೆಕ್ಕದಲ್ಲಿ ಎಂಟು ನಿಮಿಷ ನಿಂತರೆ 76 ಲೀಟರ್. ನಾಲ್ಕು ಜನ ಎರಡು ಸಂಜೆ ಹೀಗೆ ಮಿಂದರೆ 608 ಲೀಟರ್. ಅಷ್ಟೇ ಕಿಲೋಗ್ರಾಂ ತೂಕ. ಅದನ್ನು ಹೊತ್ತು ಆ ಕಲ್ಲುದಾರಿಯ ಏರನ್ನು ಯಾವ ಕುಟುಂಬದ ವಾಹನವೂ ಹತ್ತಲಾರದು.

ಬಕೆಟ್ಟು ಮತ್ತು ತಂಬಿಗೆಯಲ್ಲಿ ಬೆಳೆದವರಿಗೆ ಇದಕ್ಕೆ ಪರಿಹಾರ ಹೇಳಿಕೊಡಬೇಕಾಗಿಲ್ಲ. ಮೈ ನೆನೆಸಿಕೊಂಡು, ನೀರು ನಿಲ್ಲಿಸಿ, ಸೋಪು ಹಚ್ಚಿ ಉಜ್ಜಿ, ಮತ್ತೆ ನೀರು ಬಿಟ್ಟು ತೊಳೆದುಕೊಂಡರೆ ಎಂಟು ಲೀಟರಿನಲ್ಲಿ ಒಬ್ಬರ ಸ್ನಾನ ಆಗುತ್ತದೆ. ಹಡಗಿನ ನಾವಿಕರು ಅನುಸರಿಸುವ ಕ್ರಮವೂ ಇದೇ. ನಾಲ್ಕು ಜನಕ್ಕೆ ಎರಡು ಸಂಜೆಗೆ 64 ಲೀಟರ್ ಸಾಕು. ಆದುದರಿಂದ ಕೊಳ್ಳುವ ಮೊದಲ ವಸ್ತು ಹೀಟರ್ ಆಗಿರಬಾರದು. ಕೈಹಿಡಿಯಲ್ಲಿಯೇ ನೀರನ್ನು ತಡೆಯುವ ಗುಂಡಿಯಿರುವ, ಸಣ್ಣ ಧಾರೆಯ ಷವರ್ ಆಗಿರಬೇಕು.

ಕಾಯಿಸುವುದಕ್ಕೆ ಎಷ್ಟು ಶಾಖ ಬೇಕು? ಹತ್ತನೆಯ ತರಗತಿಯ ಲೆಕ್ಕವೇ ಸಾಕು. ಎಂಟು ಲೀಟರ್ ನೀರನ್ನು 12 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕು. 8 × 4.2 × 28. ಸುಮಾರು 940 ಕಿಲೋಜೂಲ್. ಈ ಒಂದು ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡು ಮಾರುಕಟ್ಟೆಯ ಬಗೆಗಳನ್ನೆಲ್ಲ ತೂಗಿ ನೋಡಬಹುದು.

ವಾಹನದ ಬ್ಯಾಟರಿಯಿಂದ ಕಾಯಿಸುವ ವಿಚಾರವನ್ನು ಮೊದಲೇ ಕೈಬಿಡಿರಿ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ತುಂಬಿರುವುದು 4,320 ಕಿಲೋಜೂಲ್. ಸೀಸದ ಬ್ಯಾಟರಿಯಾದರೆ ಅದಕ್ಕೆ ಕೇಡಾಗದಂತೆ ಬಳಸಬಹುದಾದದ್ದು ಅರ್ಧ ಮಾತ್ರ. ಎರಡು ಸ್ನಾನಕ್ಕೆ ಅದು ಬಹುತೇಕ ಮುಗಿಯಿತು. ಬೆಳಿಗ್ಗೆ ಎಂಜಿನ್ ಚಾಲೂ ಆಗದೆ ಆ ನಿರ್ಜನದಲ್ಲಿ ಕುಳಿತುಕೊಳ್ಳಬೇಕಾದೀತು. ಆದರೆ ನೀರನ್ನು ತಳ್ಳುವ ಪುಟ್ಟ ಪಂಪಿಗೆ ಇದೇ ಬ್ಯಾಟರಿ ಧಾರಾಳ. ಐದು ಆಂಪಿಯರ್ ಎಳೆದರೂ ಹತ್ತು ನಿಮಿಷಕ್ಕೆ ಒಂದು ಆಂಪಿಯರ್-ಗಂಟೆಯೂ ಖರ್ಚಾಗದು.

ಸೂರ್ಯನ ಬಿಸಿಲು ಪುಕ್ಕಟೆ. ವಾಹನದ ಮಾಡಿನ ಮೇಲೆ 4 ಅಂಗುಲ ವ್ಯಾಸದ, 5 ಅಡಿ ಉದ್ದದ ಕಪ್ಪು ಕೊಳವೆಯೊಂದನ್ನು ಕಟ್ಟಿದರೆ ಅದರಲ್ಲಿ ಸುಮಾರು 12 ಲೀಟರ್ ಹಿಡಿಯುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ಓಡಾಡಿ ಬಂದರೆ ನೀರು ಬೆಚ್ಚಗಾಗಿರುತ್ತದೆ. ಆದರೆ ಮೋಡವಿದ್ದ ದಿನ, ಚಳಿಯ ದಿನ, ಅಂದರೆ ಬಿಸಿನೀರು ನಿಜವಾಗಿ ಬೇಕಾದ ದಿನ, ಇದು ಕೈಕೊಡುತ್ತದೆ.

ಎಂಜಿನ್ನಿನ ಶಾಖವನ್ನು ಬಳಸುವ ಉಪಾಯ ಜಾಣತನದ್ದು. ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವ ಸುಮಾರು 90 ಡಿಗ್ರಿಯಲ್ಲಿ ಹರಿಯುತ್ತಿರುತ್ತದೆ. ಅದನ್ನೂ ಸ್ನಾನದ ನೀರನ್ನೂ ಒಂದರ ಪಕ್ಕದಲ್ಲೊಂದು, ಲೋಹದ ತೆಳು ಫಲಕಗಳ ಆಚೀಚೆ ಹರಿಸಿದರೆ ಶಾಖ ಮಾತ್ರ ದಾಟುತ್ತದೆ, ದ್ರವಗಳು ಬೆರೆಯುವುದಿಲ್ಲ. ಪುಣೆ ಕಡೆಯ ತಾಮ್ರದ ಬಂಬದಲ್ಲಿ ನಡುಗೊಳವೆಯ ಕೆಂಡ ಸುತ್ತಲಿನ ನೀರನ್ನು ಕಾಯಿಸುವುದೂ ಇದೇ ತತ್ತ್ವದಿಂದ. ಆದರೆ ಇದಕ್ಕಾಗಿ ಕೂಲೆಂಟಿನ ಕೊಳವೆಯನ್ನು ಕತ್ತರಿಸಿ ಹೊಸ ಜೋಡಣೆ ಮಾಡಬೇಕು. ಆ ಜೋಡಣೆ ಕಾಡಿನಲ್ಲಿ ಸೋರಿದರೆ ಸ್ನಾನದ ಜೊತೆಗೆ ಪ್ರಯಾಣವೂ ನಿಂತಿತು. ಒಳ್ಳೆಯ ಮೆಕ್ಯಾನಿಕ್ ಮಾಡಿಕೊಡುವುದಾದರೆ ಮಾತ್ರ ಇದರ ಗೊಡವೆಗೆ ಹೋಗಬಹುದು.

ಉಳಿದದ್ದು ಗ್ಯಾಸ್. ನೀರು ಹರಿದೊಡನೆ ತಾನೇ ಹೊತ್ತಿಕೊಳ್ಳುವ, ಎತ್ತಿ ಒಯ್ಯುವ ಗೀಸರುಗಳೇ ಈಗ ಹೆಚ್ಚು ಜನಪ್ರಿಯ. ಒಂದು ಸ್ನಾನಕ್ಕೆ ಸುಮಾರು 30 ಗ್ರಾಂ ಪ್ರೊಪೇನ್ ಸಾಕಾದೀತು. ಇಂಧನದ ದೃಷ್ಟಿಯಿಂದ ಇದು ಅಗ್ಗ. ತೊಡಕು ಇರುವುದು ಬೇರೆ ಕಡೆ. ನೀರಿಗೆ 10 ಕಿಲೋವ್ಯಾಟ್ ಶಾಖ ಕೊಡುವ ಗೀಸರಿನಲ್ಲಿ ನಿಮಿಷಕ್ಕೆ ಐದು ಲೀಟರ್ ಹರಿಸಿದರೆ ಉಷ್ಣತೆ 28 ಡಿಗ್ರಿಯಷ್ಟು ಏರುತ್ತದೆ; 12 ಡಿಗ್ರಿಯ ನೀರು 40 ಆಗುತ್ತದೆ. ನೀರು ಉಳಿಸಲೆಂದು ಹರಿವನ್ನು ಮೂರು ಲೀಟರಿಗೆ ಇಳಿಸಿ, ಉರಿಯನ್ನು ಹಾಗೆಯೇ ಬಿಟ್ಟರೆ, ಅದೇ ನೀರು 60 ಡಿಗ್ರಿಗೆ ಬರುತ್ತದೆ. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳ, ವೃದ್ಧರ ಚರ್ಮವನ್ನು ಇನ್ನೂ ಬೇಗ. ಹರಿವು ತೀರ ಕಡಿಮೆಯಾದರೆ ಗೀಸರು ಆರಿಹೋಗುತ್ತದೆ. ಎಂದರೆ ನೀರನ್ನು ಉಳಿಸಬೇಕಾದ ಜಾಗಕ್ಕೆ ನೀರನ್ನು ಧಾರಾಳವಾಗಿ ಬೇಡುವ ಯಂತ್ರವನ್ನು ಒಯ್ದಂತಾಯಿತು. ಇದ್ದೇ ಇದೆ, ಬಳಸಲೇಬೇಕು ಎನ್ನುವವರು ಒಂದು ಕೆಲಸ ಮಾಡಿರಿ: ಬಕೆಟ್ಟಿನ ನೀರನ್ನೇ ಗೀಸರಿನ ಮೂಲಕ ಹಾಯಿಸಿ ಮತ್ತೆ ಅದೇ ಬಕೆಟ್ಟಿಗೆ ಬಿಡಿರಿ. ಹದವಾದ ಬಿಸಿ ಬಂದೊಡನೆ ಗ್ಯಾಸ್ ಆರಿಸಿ, ಆಮೇಲೆ ಮೀಯಿರಿ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನಾನು ಒಪ್ಪುವ ಏರ್ಪಾಡು ಬಹಳ ಸರಳವಾದದ್ದು. ಅಡುಗೆಗೆಂದು ಹೇಗೂ ಒಯ್ಯುವ ಒಲೆಯ ಮೇಲೆ ಮೂರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ಕಾಯಿಸಿರಿ. ಬಕೆಟ್ಟಿನಲ್ಲಿ ಮೊದಲೇ ಆರು ಲೀಟರ್ ತಣ್ಣೀರು ಇರಲಿ. 95 ಡಿಗ್ರಿಯ ಮೂರು ಲೀಟರು 12 ಡಿಗ್ರಿಯ ಆರು ಲೀಟರಿಗೆ ಸೇರಿದರೆ ಒಂಬತ್ತು ಲೀಟರ್ ನೀರು, ಹೆಚ್ಚುಕಡಿಮೆ 40 ಡಿಗ್ರಿ. ಒಂದಕ್ಕೆ ಎರಡು ಎಂಬ ಈ ಪ್ರಮಾಣವನ್ನು ನೆನಪಿಟ್ಟರೆ ಉಷ್ಣಮಾಪಕವೂ ಬೇಡ. ಮೊಣಕೈ ಅದ್ದಿ ನೋಡಿದರೆ ಸಾಕು. ಬಕೆಟ್ಟಿನೊಳಗೆ ಪಂಪನ್ನು ಮುಳುಗಿಸಿ, ಷವರನ್ನು ವಾಹನದ ಹಿಂಬಾಗಿಲಿಗೆ ತೂಗುಹಾಕಿ, ಸುತ್ತ ಮರೆಗೆ ಪುಟ್ಟ ಡೇರೆ ಹಾಕಿದರೆ ಬಚ್ಚಲು ಸಿದ್ಧ. ಹಂಡೆಯ ಬಿಸಿನೀರಿಗೆ ತೊಟ್ಟಿಯ ತಣ್ಣೀರು ಬೆರೆಸಿ ಮಿಂದವರು ನಾವು; ಇದರಲ್ಲಿ ಹೊಸದೆಂದರೆ ಪಂಪು ಮಾತ್ರ.

ಇನ್ನು ಗಾಳಿ. ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿರಿ. ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಅದು ಸಾಲದೆ ಹೋದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿದ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಬರುತ್ತವೆ. ದಣಿವಿರಬೇಕೆಂದು ಕುಳಿತವರು ಮೇಲೇಳುವುದಿಲ್ಲ. ಬೆಂಗಳೂರಿನಲ್ಲಿ ಬಚ್ಚಲೊಳಗಿನ ಗ್ಯಾಸ್ ಗೀಸರಿನಿಂದ ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಷ್ಟು ಬಾರಿ ಓದಿದ್ದೇವೆ! ಆ ಸಾವುಗಳಿಗೂ ಮರುಭೂಮಿಯ ಸ್ನಾನಕ್ಕೂ ಏನು ಸಂಬಂಧ ಎನ್ನಬೇಡಿರಿ. ಚಳಿಗಾಳಿ ಬೀಸಿದಾಗ ಗೀಸರನ್ನು ಸ್ನಾನದ ಡೇರೆಯ ಒಳಕ್ಕೆ ಎಳೆದುಕೊಳ್ಳಬೇಕೆನಿಸುತ್ತದೆ. ಒಲೆಯನ್ನು ಮಲಗುವ ಡೇರೆಯೊಳಗೆ ಹೊತ್ತಿಸಿ ಬೆಚ್ಚಗಾಗಬೇಕೆನಿಸುತ್ತದೆ. ಅಂತಹ ಗಳಿಗೆಯಲ್ಲಿ ನೈಲಾನಿನ ಡೇರೆಗೂ ಕಿಟಕಿ ಮುಚ್ಚಿದ ಬಚ್ಚಲಿಗೂ ಭೇದವಿಲ್ಲ. ಉರಿಯುವ ವಸ್ತು ಯಾವುದೇ ಇರಲಿ, ಅದು ಹೊರಗೆ, ಬಯಲು ಗಾಳಿಯಲ್ಲಿ, ಡೇರೆಗಳಿಂದ ಕೆಲವು ಮೀಟರ್ ದೂರದಲ್ಲಿಯೇ ಇರಬೇಕು; ಒಳಗೆ ಬರುವುದು ನೀರಿನ ಕೊಳವೆ ಮಾತ್ರ. ಎಂಜಿನ್ ಓಡಿಸಿ ನೀರು ಕಾಯಿಸುವವರಿಗೂ ಇದೇ ಮಾತು. ಹೊಗೆಕೊಳವೆಯ ಬಳಿ ಡೇರೆ ಬೇಡ. ಮಲಗುವ ಡೇರೆಯಲ್ಲಿ ಬ್ಯಾಟರಿಯಿಂದ ನಡೆಯುವ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೊಂದನ್ನು ಇಟ್ಟುಕೊಂಡರೆ, ಸ್ನಾನದ ಸಲಕರಣೆಗಳಿಗೆ ವೆಚ್ಚ ಮಾಡಿದ ಹಣದಲ್ಲಿ ಸಾರ್ಥಕವಾದದ್ದು ಅದೇ ಆದೀತು.

ಕೊನೆಯದಾಗಿ, ಮಿಂದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಕ್ಯಾನಿಯನ್‌ಲ್ಯಾಂಡ್ಸ್‌ನ ಬಂಡೆಗಳಲ್ಲಿ ಮಳೆನೀರು ನಿಂತ ಗುಣಿಗಳಿವೆ. ಅವು ವರ್ಷದ ಬಹುಭಾಗ ಒಣಗಿದಂತೆ ಕಂಡರೂ ಪುಟ್ಟ ಸಿಗಡಿಗಳಂತಹ ಜೀವಿಗಳ ಮೊಟ್ಟೆಗಳು ಅಲ್ಲಿ ವರ್ಷಗಟ್ಟಲೆ ಮಳೆಗಾಗಿ ಕಾದಿರುತ್ತವೆ. ಸೋಪು ಇರಲಿ, ಮೈಗೆ ಹಚ್ಚಿದ ಲೇಪ ಕರಗಿದರೂ ಅವುಗಳಿಗೆ ಅಪಾಯ. ಮಣ್ಣಿನಲ್ಲಿ ಕರಗುವಂಥದ್ದೆಂದು ಮಾರುವ ಸೋಪನ್ನೂ ನೀರಿಗೆ ಬಿಡಬಾರದು. ಅದು ಕರಗಲು ಮಣ್ಣೇ ಬೇಕು. ಹೊಳೆ, ಕೆರೆ, ಗುಣಿಗಳಿಂದ 200 ಅಡಿ, ಅಂದರೆ ಸುಮಾರು 70 ಹೆಜ್ಜೆ ದೂರದಲ್ಲಿ ಮೀಯಬೇಕೆಂಬುದು ಅಲ್ಲಿ ಎಲ್ಲರೂ ಒಪ್ಪಿದ ನಿಯಮ. ಆ ದೂರಕ್ಕೆ ಹೋಗುವಾಗಲೂ ಕಪ್ಪಗೆ ಉಬ್ಬುಬ್ಬಾಗಿ ಕಾಣುವ ನೆಲದ ಮೇಲೆ ಕಾಲಿಡಬೇಡಿರಿ. ಅದು ಜೀವವಿರುವ ಮಣ್ಣು. ಒಂದು ಹೆಜ್ಜೆಯ ಗಾಯ ಮಾಯಲು ವರ್ಷಗಳೇ ಬೇಕು.

ಇದನ್ನು ಓದಿ ಹೊರಡುವವರು ಮೊದಲು ತಮ್ಮ ಮನೆಯ ಹಿತ್ತಲಿನಲ್ಲಿಯೇ ಒಂದು ಸಂಜೆ ಈ ಏರ್ಪಾಡನ್ನು ಹೂಡಿ, ಮನೆಯ ಎಲ್ಲರೂ ಒಮ್ಮೆ ಮಿಂದು ನೋಡಿರಿ. ಅಳೆದು ತುಂಬಿಸಿರಿ, ಯಾರಿಗೆ ಎಷ್ಟು ಲೀಟರ್ ಬೇಕಾಯಿತೆಂದು ಬರೆದಿಟ್ಟುಕೊಳ್ಳಿರಿ. ಆ ಅಂಕಿಗೆ ಕುಡಿಯುವ ನೀರನ್ನು ಸೇರಿಸಿ, ಅದರ ಮೇಲೆ ಒಂದು ದಿನದ ನೀರನ್ನು ಹೆಚ್ಚಿಗೆ ಇಟ್ಟುಕೊಂಡು ಹೊರಡಿರಿ. ಎಂಟು ಲೀಟರಿಗಿಂತ ಕಡಿಮೆಯಲ್ಲಿ ಮುಗಿಸಿದವರು ನನಗೆ ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.