ಮರದ ಚಕ್ಕೆಯಲ್ಲಿ ಏಳುವ ಕೊಡೆಗಳು

ಮಲೆನಾಡಿನ ಊರುಗಳಲ್ಲಿ ಸಾಮಿಲ್ಲಿನ ಹಿಂದೆ ಮರದ ಚಕ್ಕೆ, ತೊಗಟೆ, ಹೊಟ್ಟಿನ ರಾಶಿ ಬಿದ್ದಿರುತ್ತದೆ. ಬೇಸಿಗೆಯಿಡೀ ಅದು ಒಣಗಿ ಗರಿಗರಿಯಾಗಿರುತ್ತದೆ. ಜೂನ್ ತಿಂಗಳಲ್ಲಿ ಒಂದು ವಾರ ಮಳೆ ಹಿಡಿದು, ಮರುದಿನ ತುಸು ಹೊಳವಾಯಿತೆನ್ನಿ. ಶಾಲೆಗೆ ಹೊರಟ ಮಕ್ಕಳಿಗೆ ಅಲ್ಲೊಂದು ಅಚ್ಚರಿ ಕಾದಿರುತ್ತದೆ. ಹಿಂದಿನ ಸಂಜೆ ಏನೂ ಇಲ್ಲದಿದ್ದ ಜಾಗದಲ್ಲಿ ಪುಟ್ಟ ಪುಟ್ಟ ಕೊಡೆಗಳು! ‘ರಾತ್ರಿ ಗುಡುಗಿತಲ್ಲ, ಅದಕ್ಕೇ ಎದ್ದಿವೆ’ ಎನ್ನುತ್ತಾರೆ ಮನೆಯ ಅಜ್ಜಿ. ಈ ಮಾತಿನಲ್ಲಿ ನಿಜವೆಷ್ಟು?

ಅಣಬೆ ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ. ನಮಗೆ ಕಾಣುವ ಕೊಡೆ ಶಿಲೀಂಧ್ರದ ‘ಹಣ್ಣು’ ಮಾತ್ರ. ಅದರ ನಿಜವಾದ ದೇಹ ಚಕ್ಕೆಗಳ ಒಳಗೆ ಹಬ್ಬಿರುವ ಬಿಳಿಯ ಎಳೆಗಳ ಬಲೆ. ಇದೇ ಕವಕಜಾಲ. ಒದ್ದೆ ರಾಶಿಯಲ್ಲಿ ಒಂದು ಚಕ್ಕೆಯನ್ನು ಮಗುಚಿ ನೋಡಿದರೆ ಹತ್ತಿಯ ನೂಲಿನಂತೆ ಕಾಣಿಸುತ್ತದೆ. ಈ ಎಳೆಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೆಳೆದು ಸಾಸಿವೆಯಷ್ಟು ಮೊಗ್ಗುಗಳನ್ನು ಸಿದ್ಧಮಾಡಿಕೊಳ್ಳುತ್ತವೆ. ನೀರು ಸಿಕ್ಕಿದೊಡನೆ ಮೊಗ್ಗಿನ ಕೋಶಗಳು ಅದನ್ನು ಹೀರಿ ಹಿಗ್ಗುತ್ತವೆ. ಅಣಬೆಯ ತೂಕದಲ್ಲಿ ಸುಮಾರು ಶೇಕಡ 90 ಭಾಗ ನೀರೇ. ರಾತ್ರೋರಾತ್ರಿ ಕೊಡೆ ಬಿಚ್ಚುವುದರ ಗುಟ್ಟು ಇದು.

ಪತ್ರಹರಿತ್ತು ಇಲ್ಲದ ಶಿಲೀಂಧ್ರ ತನ್ನ ಆಹಾರವನ್ನು ತಾನೇ ತಯಾರಿಸಲಾರದು. ಅದು ಕಿಣ್ವಗಳನ್ನು ಸುರಿಸಿ, ಮರದ ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳನ್ನು ಕರಗಿಸಿ ಹೀರಿಕೊಳ್ಳುತ್ತದೆ. ಹಾಗಾದರೆ ದಿಮ್ಮಿಗಿಂತ ಚಕ್ಕೆ ಬೇಗ ಕೊಳೆಯುವುದೇಕೆ? ಲೆಕ್ಕ ಹಾಕಿ ನೋಡಿ. 10 ಸೆಂ.ಮೀ. ಬಾಹುವಿನ ಒಂದು ಘನದ ಮೇಲ್ಮೈ 600 ಚದರ ಸೆಂ.ಮೀ. ಅದನ್ನೇ 1 ಸೆಂ.ಮೀ. ಬಾಹುವಿನ 1,000 ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಸೆಂ.ಮೀ. ಆಗುತ್ತದೆ. ಅಂದರೆ ಎಳೆಗಳು ಒಳನುಗ್ಗಲು ಹತ್ತು ಪಟ್ಟು ಬಾಗಿಲು!

ಇನ್ನು ಹವೆಯ ಪಾತ್ರ. ಮರದ ತೇವಾಂಶ ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಶಿಲೀಂಧ್ರ ಬೆಳೆಯದು. ಮನೆಯ ಬಾಗಿಲು, ತೊಲೆಗಳು ಹತ್ತಾರು ವರ್ಷ ಬಾಳುವುದು ಇದರಿಂದಲೇ. ತೇವಾಂಶ ಶೇಕಡ 30ರ ಆಸುಪಾಸು ದಾಟಿದರೆ ಕೊಳೆಯುವಿಕೆ ಚುರುಕಾಗುತ್ತದೆ. ಆದರೆ ನೀರಿನಲ್ಲಿ ಪೂರ್ತಿ ಮುಳುಗಿದರೂ ಕಷ್ಟವೇ. ಎಳೆಗಳಿಗೆ ಉಸಿರಾಡಲು ಗಾಳಿ ಬೇಕು. ನಮ್ಮ ಕಡೆಯ ಬಹಳಷ್ಟು ಅಣಬೆಗಳಿಗೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ಆದ್ದರಿಂದಲೇ ಮಳೆ ಬಂದು ಹೊಳವಾದಾಗ, ನೆರಳಿನಲ್ಲಿ, ಗಾಳಿ ಹೆಚ್ಚು ಬೀಸದ ಕಡೆ ಅವು ಗುಂಪಾಗಿ ಏಳುತ್ತವೆ. ಬಿಸಿಲಿಗೆ ಬಿದ್ದ ಮೊಗ್ಗು ಅರಳುವ ಮೊದಲೇ ಬಾಡುತ್ತದೆ.

ಅಜ್ಜಿಯ ಗುಡುಗಿನ ಮಾತನ್ನು ನಕ್ಕು ತಳ್ಳಿಹಾಕಬೇಕಿಲ್ಲ. ಜಪಾನಿನ ಇವಾಟೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಣಬೆ ಬೆಳೆಸುವ ದಿಮ್ಮಿಗಳಿಗೆ ಕ್ಷಣಮಾತ್ರ ವಿದ್ಯುತ್ ಹಾಯಿಸಿದಾಗ ಇಳುವರಿ ಹೆಚ್ಚಿತು. ಆದರೂ ಗುಡುಗಿನ ಜೊತೆ ಬರುವ ಮಳೆಯೇ ಇಲ್ಲಿ ಮುಖ್ಯ ಎಂಬುದನ್ನು ಮರೆಯಬಾರದು.

ಒಂದೊಂದು ಅಣಬೆಗೆ ಒಂದೊಂದು ನೆಲೆ. ಬೀಸಣಿಗೆಯಾಕಾರದ ಸೀಳುಗರಿ ಅಣಬೆ ಸತ್ತ ಕೊಂಬೆ, ತುಂಡುಗಳ ಮೇಲೆ ಬರುತ್ತದೆ. ಬಿಸಿಲಿಗೆ ಮುದುಡಿ, ಮಳೆ ಬಂದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹಕ್ಕಿಗೂಡಿನಂತಹ ಅಣಬೆಯ ‘ಮೊಟ್ಟೆ’ಗಳನ್ನು ಮಳೆಹನಿಯೇ ಚಿಮ್ಮಿಸಿ ಹರಡುತ್ತದೆ. ಹುತ್ತದ ಅಣಬೆಗಾದರೋ ಗೆದ್ದಲಿನ ನೆರವು ಬೇಕೇ ಬೇಕು. ಅದು ಬರಿಯ ಚಕ್ಕೆಯಲ್ಲಿ ಏಳದು.

ಪೋಷಕರು ಗಮನಿಸಬೇಕಾದ ಮಾತು ಮುಂದಿದೆ. ಮಕ್ಕಳು ಕಿತ್ತು ತಂದ ಅಣಬೆಯನ್ನು ಸಾರಿಗೆ ಹಾಕುವ ಮುನ್ನ ಬೆಳ್ಳಿ ನಾಣ್ಯದಿಂದಲೋ ಬೆಳ್ಳುಳ್ಳಿಯಿಂದಲೋ ಪರೀಕ್ಷಿಸುವವರಿದ್ದಾರೆ. ಹುಳು ತಿಂದಿದ್ದರೆ ವಿಷವಿಲ್ಲ ಎನ್ನುವವರೂ ಇದ್ದಾರೆ. ಇವು ಯಾವುವೂ ನಂಬತಕ್ಕವಲ್ಲ. ಕೊಳೆತ ಮರದ ಮೇಲೆ ಬರುವ ಕೆಲವು ಸಣ್ಣ ಕಂದು ಅಣಬೆಗಳಲ್ಲಿ ಅಮಾಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಬೇಯಿಸಿದರೂ ಅದು ನಾಶವಾಗದು. ತಿಂದು ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಬಳಿಕ ವಾಂತಿ, ಭೇದಿ. ನಡುವೆ ಗುಣವಾದಂತೆ ತೋರಿ, ಆಮೇಲೆ ಯಕೃತ್ತು ಕೆಡುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಯಾರಾದರೂ ತಿಂದದ್ದು ತಿಳಿದರೆ ವಾಂತಿಗಾಗಿ ಕಾಯದೆ, ಉಳಿದ ಅಣಬೆಯೊಂದಿಗೆ ಆಸ್ಪತ್ರೆಗೆ ಧಾವಿಸಬೇಕು. ತಿನ್ನುವ ಆಸೆಗೆ ಬೇಸಾಯದ ಅಣಬೆ ಇದ್ದೇ ಇದೆ.

ಹಾಗೆಂದು ಮಕ್ಕಳನ್ನು ಅಣಬೆಯಿಂದ ದೂರವಿಡುವುದೂ ಬೇಡ. ನೋಡಲಿ, ಬರೆದಿಡಲಿ. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಮಳೆ ಬಂತೇ ಇಲ್ಲವೇ, ನೆರಳೋ ಬಿಸಿಲೋ, ಎಷ್ಟು ಅಣಬೆ ಎಂದು ಗುರುತು ಹಾಕಲಿ. ದೊಡ್ಡವರ ಕಣ್ಣೆದುರು ಒಂದು ಕೊಡೆಯನ್ನು ಕಾಗದದ ಮೇಲೆ ಬೋರಲಾಗಿಟ್ಟು, ಲೋಟ ಮುಚ್ಚಿ, ಕೈ ತೊಳೆದುಕೊಳ್ಳಲಿ. ಬೆಳಗಾಗುವಷ್ಟರಲ್ಲಿ ಬೀಜಕಗಳು ಉದುರಿ ಕಾಗದದ ಮೇಲೆ ಚಕ್ರದಂತಹ ಚಿತ್ರ ಮೂಡಿರುತ್ತದೆ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ಗುಡುಗಿದ ದಿನ ಎಷ್ಟು ಎದ್ದವು, ಗುಡುಗದೆ ಮಳೆ ಬಂದ ದಿನ ಎಷ್ಟು ಎದ್ದವು ಎಂದು ಅಜ್ಜಿಗೆ ಲೆಕ್ಕ ಒಪ್ಪಿಸಬಹುದು.